ಲೊರೆಂಜೋ ವಾಲ್ಲನ ದಾನಪತ್ರ ವಿಮರ್ಶೆ

ಇಟಲಿದೇಶದಲ್ಲಿ ಹದಿನಾಲ್ಕು ಹದಿನೈದನೆಯ ಶತಮಾನಗಳಲ್ಲಿ ಉಂಟಾದ ವಿದ್ಯೋದಯವನ್ನು ಕುರಿತು ಮಾತನಾಡುವಾಗ ನಮ್ಮವರು ಸಾಮಾನ್ಯವಾಗಿ ಅಲ್ಲಿಯ ಚಿತ್ರಗಳನ್ನೂ ಶಿಲ್ಪಗಳನ್ನೂ ಮೊದಲು ನೆನೆಯುತ್ತಾರೆ. ಅದು ಸಹಜವೇ. ಆದರೆ ಹದಿನೈದನೆಯ ಶತಮಾನದ ಕೊನೆಯ ಭಾಗದಲ್ಲಿ ಬಳಕೆಗೆ ಬಂದ ‘ಉಮಾನಿಸ್ತ’ ಎಂಬ ಹೆಸರು ಮೊದಲಿಗೆ ಯಾವುದೊಂದು ದರ್ಶನದ ಅನುಯಾಯಿಗೂ ಸಲ್ಲುತ್ತಿರಲಿಲ್ಲ. ವ್ಯಾಕರಣ, ವಾಗ್ಮಿತೆ, ಕಾವ್ಯ, ಇತಿಹಾಸ, ನೀತಿ ಎಂಬ ಐದು ವಿದ್ಯೆಗಳನ್ನು ಪಾಠ ಹೇಳುವ ಉಪಾಧ್ಯಾಯನಿಗೆ ಸಲ್ಲುತ್ತಿತ್ತು. ಆದುದರಿಂದ ಆ ಉದಯದ ತಿರುಳನ್ನು ವೈಯಾಕರಣನೊಬ್ಬನ ಗ್ರಂಥದಲ್ಲಿ ಹುಡುಕುವುದು ಅನುಚಿತವಾಗಲಾರದು. ಲೊರೆಂಜೋ ವಾಲ್ಲನು ೧೪೪೦ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬರೆದ, ಕಾನ್‌ಸ್ಟಂಟೈನನ ದಾನಪತ್ರದ ಖಂಡನೆಯು ಅಂತಹ ಗ್ರಂಥ.

ಈ ದಾನಪತ್ರದ ಸಂಗತಿ ಹೀಗಿದೆ. ರೋಮನ್ ಚಕ್ರವರ್ತಿಯಾದ ಕಾನ್‌ಸ್ಟಂಟೈನನು ಕುಷ್ಠರೋಗದಿಂದ ಪೀಡಿತನಾಗಿ, ಪೋಪ್ ಸಿಲ್ವೆಸ್ಟರನಿಂದ ದೀಕ್ಷೆ ಪಡೆದು ಗುಣಹೊಂದಿ, ಕೃತಜ್ಞತೆಯಿಂದ ರೋಮ್ ನಗರವನ್ನೂ ಇಟಲಿಯನ್ನೂ ಪಶ್ಚಿಮದ ಪ್ರಾಂತಗಳನ್ನೂ ಅವನಿಗೂ ಅವನ ಪೀಠದ ಉತ್ತರಾಧಿಕಾರಿಗಳಿಗೂ ಧಾರೆಯೆರೆದನೆಂದು ಅದು ಹೇಳುತ್ತದೆ. ಹನ್ನೊಂದನೆಯ ಶತಮಾನದಿಂದ ಪೋಪರು ತಮ್ಮ ಲೌಕಿಕಾಧಿಕಾರಕ್ಕೆ ಇದನ್ನು ಪ್ರಮಾಣವಾಗಿ ತೋರಿಸುತ್ತಿದ್ದರು. ದಾಂತೆ ಮಹಾಕವಿಯು ಈ ದಾನದಿಂದ ಅನರ್ಥವಾಯಿತೆಂದು ಮರುಗಿದನೇ ಹೊರತು ಪತ್ರವನ್ನು ಸಂದೇಹಿಸಲಿಲ್ಲ. ೧೪೩೩ರಲ್ಲಿ ಕೂಸಾದ ನಿಕೋಲಸನು, ಪ್ರಾಚೀನ ಚರಿತ್ರಕಾರರಲ್ಲಿ ಇದರ ಪ್ರಸ್ತಾಪವೇ ಇಲ್ಲವೆಂದು ಸಂಶಯವನ್ನು ಎತ್ತಿದನು. ಪತ್ರದ ಮಾತುಗಳನ್ನೇ ಸಾಕ್ಷಿಗೆ ಕರೆದು ವಿಸ್ತಾರವಾಗಿ ಪರೀಕ್ಷಿಸಿದವನು ವಾಲ್ಲ.

ಇದು ಅವನಿಗೆ ಹೇಗೆ ಸಾಧ್ಯವಾಯಿತು? ಅವನಿಗಿಂತ ಮುಂಚಿನವರು ಪ್ರಾಚೀನ ಗ್ರಂಥಗಳನ್ನು ಹುಡುಕಿ ತೆಗೆದಿದ್ದರು. ೧೩೪೫ರಲ್ಲಿ ಪೆತ್ರಾರ್ಕನು ವೆರೋನಾ ನಗರದಲ್ಲಿ ಸಿಸೆರೋವಿನ ಪತ್ರಗಳನ್ನು ಕಂಡನು. ೧೪೧೬ರಲ್ಲಿ ಪೋಜ್ಜೋ ಬ್ರಾಚೋಲಿನಿಯು ಸೇಂಟ್ ಗಾಲ್ ಮಠದಲ್ಲಿ ಕ್ವಿಂಟಿಲಿಯನನ ಅಲಂಕಾರಗ್ರಂಥದ ಪೂರ್ಣಪ್ರತಿಯನ್ನು ಕಂಡನು. ಲಕ್ಷ್ಯಗ್ರಂಥಗಳು ಹೆಚ್ಚಿದಂತೆ ಯಾವ ಶಬ್ದವು ಯಾವ ಕಾಲದ್ದೆಂಬ ತಿಳಿವಳಿಕೆಯೂ ಹೆಚ್ಚಿತು. ಲ್ಯಾಟಿನ್ ಭಾಷೆಯ ಸೌಷ್ಠವವನ್ನು ಕುರಿತು ದೊಡ್ಡ ಗ್ರಂಥವನ್ನೇ ರಚಿಸಿದ ವಾಲ್ಲನಿಗೆ ಈ ತಿಳಿವಳಿಕೆ ಕರತಲಾಮಲಕವಾಗಿತ್ತು.

ಅವನ ಹೇತುಗಳಲ್ಲಿ ಮೂರನ್ನು ನೋಡೋಣ. ಚಕ್ರವರ್ತಿಯು ತನ್ನ ‘ಸತ್ರಪ’ರೊಡನೆ ಆಲೋಚಿಸಿದನೆಂದು ಪತ್ರದಲ್ಲಿದೆ. ಸತ್ರಪನೆಂಬುದು ಪಾರಸಿಕರ ಪ್ರಾಂತಾಧಿಪತಿಯ ಹೆಸರು. ನಮ್ಮ ಪಶ್ಚಿಮ ಭಾರತದ ಶಾಸನಗಳ ‘ಕ್ಷತ್ರಪ’ ಶಬ್ದಕ್ಕೂ ಅದೇ ಮೂಲ. ರೋಮಿನ ರಾಜಸಭೆಯಲ್ಲಿ ಅವರಿಗೇನು ಕೆಲಸವೆಂದು ವಾಲ್ಲನ ಪ್ರಶ್ನೆ. ಎರಡನೆಯದಾಗಿ, ಪತ್ರವು ಡಯಡೆಮ್ ಎಂಬ ರಾಜಚಿಹ್ನೆಯನ್ನು ಅಪರಂಜಿಯ ರತ್ನಖಚಿತ ಕಿರೀಟವೆನ್ನುತ್ತದೆ. ಪ್ರಾಚೀನರಲ್ಲಿ ಅದು ತಲೆಗೆ ಕಟ್ಟುವ ವಸ್ತ್ರದ ಪಟ್ಟಿ. ಮೂರನೆಯದು ಎಲ್ಲಕ್ಕಿಂತ ಬಲವಾದದ್ದು: ಕಾನ್‌ಸ್ಟಂಟಿನೋಪಲ್ ಗುರುಪೀಠದ ಮೇಲೆಯೂ ರೋಮಿಗೆ ಅಧಿಕಾರವುಂಟೆಂದು ಪತ್ರವು ವಿಧಿಸುತ್ತದೆ, ಅದು ಹೇಳುವ ಕಾಲದಲ್ಲಾದರೋ ಆ ಪೀಠವೂ ಇಲ್ಲ, ಆ ನಗರವೂ ಇಲ್ಲ. ಹುಟ್ಟದ ಮಗನಿಗೆ ಪಾಲು ಬರೆದಂತಾಯಿತು. ಈ ಪತ್ರವು ಎಂಟನೆಯ ಶತಮಾನದ ಸುಮಾರಿಗೆ ಹುಟ್ಟಿತೆಂದು ಈಗಿನ ವಿದ್ವಾಂಸರ ಮತ.

ಇಲ್ಲಿ ಸಂಸ್ಕೃತ ಪಾಠಶಾಲೆಗಳಲ್ಲಿ ಬೆಳೆದ ನಮ್ಮಂಥವರು ಗಮನಿಸಬೇಕಾದ ಅಂಶವೊಂದುಂಟು. ನಾವು ಶಬ್ದವು ನಿತ್ಯವೆಂದು ಓದಿದವರು. ಪ್ರಯೋಗವೊಂದು ಎದುರಾದರೆ ನಾವು ಕೇಳುವ ಪ್ರಶ್ನೆ ‘ಇದು ಸಾಧುವೋ ಅಸಾಧುವೋ’ ಎಂಬುದು. ವಾಲ್ಲನೂ ಅಲ್ಲಿಂದಲೇ ಹೊರಟವನು. ಆದರೆ ಅವನು ಅಲ್ಲಿ ನಿಲ್ಲದೆ ‘ಇದು ಎಂದಿನದು’ ಎಂದು ಕೇಳಿದನು. ಶಬ್ದಕ್ಕೂ ವಯಸ್ಸುಂಟು, ಆ ವಯಸ್ಸೇ ಸಾಕ್ಷಿಯಾಗಬಲ್ಲುದು ಎಂಬ ಈ ಅರಿವು, ನಮ್ಮ ಎಣಿಕೆಯಲ್ಲಿ, ಇಟಲಿಯ ಮಾನವ್ಯವಿದ್ಯೆಯ ಅತ್ಯುತ್ತಮ ಫಲ.

ಗ್ರಂಥವು ನಿರ್ದುಷ್ಟವೆಂದು ಹೇಳಲಾಗದು. ಚಕ್ರವರ್ತಿಯ ಮಕ್ಕಳು, ಸಭಾಸದರು, ಸಿಲ್ವೆಸ್ಟರ್ ಇವರ ಬಾಯಲ್ಲಿ ವಾಲ್ಲನು ಕಲ್ಪಿತ ಭಾಷಣಗಳನ್ನು ಇಟ್ಟಿದ್ದಾನೆ. ಅವು ವಾಗ್ವೈಭವಕ್ಕೆ ನಿದರ್ಶನವಾದಾವು, ಪ್ರಮಾಣವಾಗಲಾರವು. ಪತ್ರ ಬರೆದವನನ್ನು ಹೆಜ್ಜೆಹೆಜ್ಜೆಗೂ ಮೂದಲಿಸುವುದು ವಿಮರ್ಶಕನಿಗೆ ಒಪ್ಪುವ ನಡೆಯಲ್ಲ. ಇವೆರಡಕ್ಕಿಂತ ದೊಡ್ಡ ದೋಷವೆಂದರೆ, ಒರಟಾದ ಲ್ಯಾಟಿನನ್ನೇ ಅವನು ಅಲ್ಲಲ್ಲಿ ಕೂಟತ್ವಕ್ಕೆ ಹೇತುವಾಗಿ ಹಿಡಿಯುವುದು. ಅಪಶಬ್ದವು ಬರೆದವನ ಅಜ್ಞಾನವನ್ನು ತೋರಿಸೀತು. ಕಾಲವಿರೋಧವಾದರೋ ಪತ್ರದ ಅಸತ್ಯವನ್ನೇ ತೋರಿಸುತ್ತದೆ. ‘ಕೂಟಶಾಸನ’ವೆಂಬ ಮಾತು ಮನುಸ್ಮೃತಿಯಷ್ಟು ಹಳೆಯದು, ನಮ್ಮ ಗಂಗರ ತಾಮ್ರಶಾಸನಗಳಲ್ಲಿ ಹಲವು ಕೂಟವೆಂದು ಫ್ಲೀಟ್ ಮಹಾಶಯರೂ, ಅವು ಪ್ರಮಾಣವೆಂದು ರೈಸ್ ಮಹಾಶಯರೂ ವಾದಿಸಿದುದು ವಾಚಕರಿಗೆ ವಿದಿತವಾಗಿದೆ. ಅಲ್ಲಿಯೂ ಲೇಖಕನ ಕಾಗುಣಿತದ ತಪ್ಪು ಒಂದು, ಲಿಪಿಯ ಅಥವಾ ತಿಥಿವಾರಗಳ ವಿರೋಧ ಮತ್ತೊಂದು. ಈ ವಿವೇಕವನ್ನು ವಾಲ್ಲನಿಂದಲೂ ಕಲಿಯಬಹುದು, ಅವನ ತಪ್ಪಿನಿಂದಲೂ ಕಲಿಯಬಹುದು.

ವಾಲ್ಲನು ಆಗ ನೇಪಲ್ಸ್ ರಾಜ್ಯಕ್ಕಾಗಿ ಹೋರಾಡುತ್ತಿದ್ದ ಆಲ್ಫಾನ್ಸೋ ದೊರೆಯ ಆಶ್ರಿತ. ದೊರೆಗೂ ಪೋಪ್ ನಾಲ್ಕನೆಯ ಯೂಜಿನಿಯಸನಿಗೂ ವಿರೋಧವಿತ್ತು. ಆದುದರಿಂದ ಇದು ಸ್ವಾಮಿಕಾರ್ಯವೇ ಹೊರತು ಸತ್ಯಾನ್ವೇಷಣೆಯಲ್ಲವೆಂದು ಪೂರ್ವಪಕ್ಷ ಬರಬಹುದು. ವಕ್ತೃವಿನ ಅಭಿಸಂಧಿಯು ಮಾತಿನ ಕಾವನ್ನು ಹೆಚ್ಚಿಸೀತು, ಹೇತುವನ್ನು ದುಷ್ಟಗೊಳಿಸಲಾರದು. ದೊರೆಯ ಸಂಧಿವಿಗ್ರಹಗಳು ಮುಗಿದುಹೋದವು. ಸತ್ರಪರ ಪ್ರಶ್ನೆಗೆ ಇಂದಿಗೂ ಉತ್ತರ ಬಂದಿಲ್ಲ. ಅಷ್ಟೇ ಅಲ್ಲ, ಮುಂದೆ ಪೋಪನಾದ ಐದನೆಯ ನಿಕೋಲಸನು ಈ ಖಂಡನಕಾರನನ್ನೇ ತನ್ನ ಕಚೇರಿಗೆ ಸೇರಿಸಿಕೊಂಡು, ಅವನಿಂದ ತ್ಯೂಸಿಡಿಡೀಸನ ಇತಿಹಾಸವನ್ನು ಲ್ಯಾಟಿನಿಗೆ ತರಿಸಿದನು. ವಿದ್ಯೆಗೆ ಸಂದ ಈ ಗೌರವವೂ ಆ ಯುಗದ ಲಕ್ಷಣವೇ.

ಕಲೆಯೂ ವಿದ್ಯೆಯೂ ಆ ಯುಗದಲ್ಲಿ ಒಟ್ಟಿಗೆ ನಡೆದವೆಂದು ಹೇಳುವುದು ವಾಡಿಕೆ. ವ್ಯಾಟಿಕನ್ ಅರಮನೆಯಲ್ಲಿ ಕಾನ್‌ಸ್ಟಂಟೈನನ ಹೆಸರಿನ ಶಾಲೆಯೊಂದುಂಟು. ರಫಾಯೆಲನ ಶಿಷ್ಯರು ೧೫೨೪ರಲ್ಲಿ ಮುಗಿಸಿದ ಅದರ ಭಿತ್ತಿಚಿತ್ರಗಳಲ್ಲಿ ಇದೇ ದಾನದ ಪ್ರಸಂಗ ವೈಭವದಿಂದ ಬೆಳಗುತ್ತಿದೆ. ವಾಲ್ಲನು ಬರೆದು ಆಗಲೇ ಎಂಬತ್ತು ವರ್ಷಗಳು ಸಂದಿದ್ದವು. ಚಿತ್ರವನ್ನು ನೋಡಿ ಆನಂದಿಸಲು ಯಾವ ಅಡ್ಡಿಯೂ ಇಲ್ಲ. ಅದನ್ನು ಪ್ರಮಾಣವೆಂದು ಭಾವಿಸಬಾರದು, ಅಷ್ಟೆ. ಆ ಭೇದವನ್ನು ನಮಗೆ ಕಾಣಿಸಿಕೊಡುವವನು ವೈಯಾಕರಣ. ಸಾಹಿತ್ಯವನ್ನು ಪಾಠ ಹೇಳುವವರು ವ್ಯಾಕರಣವನ್ನು ಶುಷ್ಕವೆಂದು ಕೈಬಿಡದೆ, ಶಬ್ದದ ಸಾಧುತ್ವದೊಡನೆ ಅದರ ಕಾಲವನ್ನೂ ವಿದ್ಯಾರ್ಥಿಗಳಿಂದ ವಿಚಾರಮಾಡಿಸಬೇಕೆಂಬುದು ನಮ್ಮ ವಿಜ್ಞಾಪನೆ.