ಖನಿಜಸಾಕ್ಷ್ಯವೂ ಉಪಾಧಿವಿಚಾರವೂ

ಶಾಸನವನ್ನು ಓದುವ ವಿದ್ವಾಂಸನು ಕಲ್ಲಿನ ಮೇಲೆ ಕೊರೆದ ಅಕ್ಷರಗಳಿಂದ ಅರಸನ ಕಾಲದೇಶಗಳನ್ನು ನಿರ್ಣಯಿಸುವಂತೆ, ಶಿಲಾಶಾಸ್ತ್ರಜ್ಞನು ಕಲ್ಲಿನೊಳಗೇ ಹುಟ್ಟಿದ ಖನಿಜಗಳಿಂದ ಆ ಕಲ್ಲು ಭೂಗರ್ಭದಲ್ಲಿ ಅನುಭವಿಸಿದ ಉಷ್ಣತೆಯನ್ನೂ ಒತ್ತಡವನ್ನೂ ನಿರ್ಣಯಿಸುತ್ತಾನೆ. ಈ ನಿರ್ಣಯಕ್ರಮಕ್ಕೆ ಮುಖ್ಯವಾದ ತಳಹದಿಯನ್ನು ಹಾಕಿದವು ಇಬ್ಬರು ತರುಣ ವಿದ್ವಾಂಸರ ಡಾಕ್ಟರ್ ಪದವಿಯ ಪ್ರಬಂಧಗಳು. ಅವುಗಳಲ್ಲಿ ಮೊದಲನೆಯದು ನಾರ್ವೆಯ ಕ್ರಿಸ್ಟಿಯಾನಿಯಾ ಪ್ರಾಂತದ ಶಿಲೆಗಳನ್ನು ಕುರಿತು ವಿಕ್ಟರ್ ಗೋಲ್ಡ್‌ಶ್ಮಿಟ್ಟರು 1911ರಲ್ಲಿ ಪ್ರಕಟಿಸಿದುದು. ಎರಡನೆಯದು ಫಿನ್ಲೆಂಡಿನ ಒರಿಯಾರ್ವಿ ಪ್ರಾಂತವನ್ನು ಕುರಿತು 1914ರಲ್ಲಿ ಪ್ರಕಟವಾದ ಪೆಂಟಿ ಎಸ್ಕೊಲಾರವರ ಗ್ರಂಥ. ಖನಿಜವು ಉಷ್ಣತೆಯ ಲೇಖವೆಂಬ ಮಾತು ಇವರಿಂದೀಚೆಗೆ ರೂಢಿಗೆ ಬಂದಿದೆ. ಆ ಮಾತು ಎಷ್ಟರಮಟ್ಟಿಗೆ ನಿಲ್ಲತಕ್ಕದ್ದೆಂಬುದು ವಿಚಾರಾರ್ಹವಾಗಿದೆ.

ಕ್ರಿಸ್ಟಿಯಾನಿಯಾ ನಗರಕ್ಕೆ 1925ರಿಂದ ಆಸ್ಲೋ ಎಂದು ಹೆಸರು. ಅದರ ಸುತ್ತಣ ಜೇಡಿಶಿಲೆಗಳೊಳಕ್ಕೂ ಸುಣ್ಣಶಿಲೆಗಳೊಳಕ್ಕೂ ಪೂರ್ವದಲ್ಲಿ ದ್ರವಶಿಲೆ ನುಗ್ಗಿ, ತಾಗಿದ ಕಲ್ಲುಗಳನ್ನು ಬೇಯಿಸಿತು. ಹೀಗೆ ಬೆಂದ ಕಲ್ಲುಗಳನ್ನು ಗೋಲ್ಡ್‌ಶ್ಮಿಟ್ಟರು ಜೇಡಿಯ ಅಂಶ ಹೆಚ್ಚಾಗಿರುವುದರಿಂದ ಮೊದಲುಮಾಡಿ ಸುಣ್ಣದ ಅಂಶ ಹೆಚ್ಚಾಗಿರುವುದರವರೆಗೆ ಹತ್ತು ವರ್ಗಗಳಾಗಿ ವಿಂಗಡಿಸಿದರು. ಒಂದೊಂದು ವರ್ಗದಲ್ಲಿಯೂ ಕೆಲವೇ ಖನಿಜಗಳು ನಿಯತವಾಗಿ ಒಟ್ಟಿಗೆ ಇರುವುದನ್ನು ಕಂಡು, ಇದಕ್ಕೆ ಗಿಬ್ಸರ ಅವಸ್ಥಾನಿಯಮವೇ ಕಾರಣವೆಂದು ತೋರಿಸಿದರು. ಉಷ್ಣತೆ, ಒತ್ತಡ ಇವೆರಡೂ ಹೊರಗಿನಿಂದ ನಿಯತವಾಗುವಲ್ಲಿ ಒಟ್ಟಿಗೆ ನೆಲೆಸುವ ಖನಿಜಗಳ ಸಂಖ್ಯೆ ಸಾಮಾನ್ಯವಾಗಿ ಘಟಕದ್ರವ್ಯಗಳ ಸಂಖ್ಯೆಯನ್ನು ಮೀರದು. ಕಲ್ಲುಗಳ ವರ್ಣನೆಯಲ್ಲಿಯೇ ಬಹುಮಟ್ಟಿಗೆ ತೊಡಗಿದ್ದ ಶಾಸ್ತ್ರಕ್ಕೆ ಹೀಗೆ ಒಂದು ವ್ಯಾಕರಣ ದೊರೆಯಿತು.

ಎಸ್ಕೊಲಾರವರ ಹಿರಿಮೆ ತುಲನೆಯಲ್ಲಿದೆ. ಒರಿಯಾರ್ವಿಯ ಕೆಲವು ಕಲ್ಲುಗಳು ದ್ರವ್ಯಸಂಯೋಜನೆಯಲ್ಲಿ ಕ್ರಿಸ್ಟಿಯಾನಿಯಾದ ಕಲ್ಲುಗಳಿಗೆ ಸಮನಾಗಿದ್ದರೂ ಖನಿಜಗಳಲ್ಲಿ ಭಿನ್ನವಾಗಿದ್ದುವು. ಅಲ್ಲಿ ಪೊಟ್ಯಾಸಿಯಂ ಫೆಲ್ಡ್‌ಸ್ಪಾರೂ ಆಂಡಲುಸೈಟೂ ಇದ್ದ ಕಡೆ ಇಲ್ಲಿ ಅಭ್ರಕವಿತ್ತು. ಅಲ್ಲಿ ಹೈಪರ್‌ಸ್ತೀನ್ ಇದ್ದ ಕಡೆ ಇಲ್ಲಿ ಆಂಥೊಫಿಲೈಟ್ ಇತ್ತು. ದ್ರವ್ಯವು ಸಮವಾಗಿದ್ದು ಖನಿಜವು ಭಿನ್ನವಾದುದರಿಂದ, ಒರಿಯಾರ್ವಿಯ ಶಿಲೆಗಳು ಕಡಮೆ ಉಷ್ಣತೆಯಲ್ಲಿ, ಹೆಚ್ಚಿನ ಒತ್ತಡದಲ್ಲಿ ಹುಟ್ಟಿದುವೆಂದು ಅವರು ಅನುಮಾನಿಸಿದರು. 1915ರಲ್ಲಿ ಇದನ್ನೇ ಸಾಮಾನ್ಯ ಸಿದ್ಧಾಂತವಾಗಿ ನಿರೂಪಿಸಿ, ಶಿಲೆಗಳ ‘ಫೇಸೀಸ್’ ಎಂಬ ಪರಿಭಾಷೆಯನ್ನು ರೂಪಾಂತರಶಿಲೆಗಳಿಗೆ ಅನ್ವಯಿಸಿದರು.

ಇದು ಅನುಮಾನವೇ ಹೊರತು ಅಕ್ಷರವಾಚನವಲ್ಲ. ಅನುಮಾನವಾದ ಮೇಲೆ ಅದರ ವ್ಯಾಪ್ತಿಯನ್ನು ಪರೀಕ್ಷಿಸಬೇಕಾಗುತ್ತದೆ. ವ್ಯಾಪ್ತಿಗ್ರಹಣವು ಪ್ರಯೋಗಶಾಲೆಯ ಕುಲುಮೆಯಲ್ಲಿ ಆಗತಕ್ಕದ್ದು. ಅದು ಎಷ್ಟು ಕಷ್ಟವೆಂಬುದಕ್ಕೆ ಆಂಡಲುಸೈಟ್, ಕಯನೈಟ್, ಸಿಲಿಮನೈಟ್ ಎಂಬ ಮೂರು ಖನಿಜಗಳೇ ನಿದರ್ಶನ. ಮೂರರ ದ್ರವ್ಯವೂ ಒಂದೇ. ಉಷ್ಣತೆ ಒತ್ತಡಗಳ ಭೇದದಿಂದ ರೂಪ ಮಾತ್ರ ಬೇರೆ. ಮೂರೂ ಒಟ್ಟಿಗೆ ನಿಲ್ಲಬಲ್ಲ ಬಿಂದುವನ್ನು 1969ರಲ್ಲಿ ರಿಚರ್ಡ್ಸನ್ ಮತ್ತು ಅವರ ಸಹೋದ್ಯೋಗಿಗಳು 622 ಡಿಗ್ರಿ ಸೆಂಟಿಗ್ರೇಡ್, 5.5 ಕಿಲೋಬಾರ್ ಎಂದರು. 1971ರಲ್ಲಿ ಹೋಲ್ಡವೇ ಅದನ್ನು ಸುಮಾರು 500 ಡಿಗ್ರಿ, 3.8 ಕಿಲೋಬಾರಿಗೆ ಇಳಿಸಿದರು. ಅಳೆಯುವ ಕೋಲಿನಲ್ಲಿಯೇ 120 ಡಿಗ್ರಿಗಳ ವಿವಾದವಿರುವಾಗ, ಅದರಿಂದ ಅಳೆದ ಬೆಟ್ಟದ ಆಳವೂ ವಿವಾದಗ್ರಸ್ತವಾಗದೆ ಇರದು.

ಇದಕ್ಕಿಂತ ಗುರುತರವಾದ ಆಕ್ಷೇಪಕ್ಕೆ ಕನ್ನಡನಾಡಿನ ಒಂದು ಬೆಟ್ಟವೇ ಸಾಕ್ಷಿಯಾಗಿದೆ. ಕನಕಪುರದ ಸೀಮೆಯ ಕಬ್ಬಾಳದುರ್ಗದಲ್ಲಿ ಬೂದುಬಣ್ಣದ ನೈಸ್ ಶಿಲೆಯ ನಡುನಡುವೆ ಕಪ್ಪಾದ ಚಾರ್ನೊಕೈಟಿನ ತೇಪೆಗಳು ಕಾಣಬರುತ್ತವೆ. ‘ರೂಪುಗೊಳ್ಳುತ್ತಿರುವ ಚಾರ್ನೊಕೈಟ್’ ಎಂಬರ್ಥದ ಶಿರೋನಾಮೆಯಿಂದ ಸಿ. ಎಸ್. ಪಿಚ್ಚಮುತ್ತುರವರು ಇವನ್ನು 1960ರಲ್ಲಿ ವಿದ್ವಲ್ಲೋಕಕ್ಕೆ ಪರಿಚಯಿಸಿದರು. ನೈಸಿನಲ್ಲಿ ಹಾರ್ನ್‌ಬ್ಲೆಂಡೂ ಅಭ್ರಕವೂ ಇವೆ. ಚಾರ್ನೊಕೈಟಿನಲ್ಲಿ ಹೈಪರ್‌ಸ್ತೀನ್ ಇದೆ. ಎರಡರ ದ್ರವ್ಯವೂ ಬಹುಮಟ್ಟಿಗೆ ಒಂದೇ. ಎರಡಕ್ಕೂ ಇರುವ ಅಂತರ ಕೆಲವೆಡೆ ಗೇಣಿನಷ್ಟು. ಗೇಣಿನ ಅಂತರದಲ್ಲಿ ಭೂಗರ್ಭದ ಉಷ್ಣತೆಯಾಗಲಿ ಒತ್ತಡವಾಗಲಿ ಬೇರೆಯಾಗಿದ್ದಿತೆಂದು ಹೇಳುವುದು ಅಶಕ್ಯ. ಹಾಗಿದ್ದೂ ಖನಿಜಗಳು ಬೇರೆಯಾಗಿವೆ. ಆದುದರಿಂದ ಖನಿಜಭೇದವೆಂಬ ಹೇತು ಇಲ್ಲಿ ವ್ಯಭಿಚರಿಸಿತು.

ಬೆಂಕಿಯಿದೆ, ಆದುದರಿಂದ ಹೊಗೆಯೂ ಇದೆ ಎಂಬ ಅನುಮಾನವು ಹಸಿಸೌದೆಯ ಸಂಬಂಧವಿರುವಲ್ಲಿ ಮಾತ್ರ ನಿಲ್ಲುತ್ತದೆಂದು ನೈಯಾಯಿಕರು ಹೇಳುತ್ತಾರೆ; ಆ ಆರ್ದ್ರತೆಯೇ ಉಪಾಧಿ. ಕಬ್ಬಾಳದುರ್ಗದಲ್ಲಿಯೂ ಉಪಾಧಿ ನೀರೇ ಆಗಿರುವುದು ಗಮನಾರ್ಹ. ಹಾರ್ನ್‌ಬ್ಲೆಂಡೂ ಅಭ್ರಕವೂ ಜಲಾಂಶವನ್ನು ಒಳಗೊಂಡವು, ಹೈಪರ್‌ಸ್ತೀನ್ ನಿರ್ಜಲ. ಇಂಗಾಲಾಮ್ಲವಾಯು ಹೇರಳವಾದ ದ್ರವವು ಕಲ್ಲಿನಲ್ಲಿ ಹಾದುಹೋಗಿ ಜಲದ ಪ್ರಾಬಲ್ಯವನ್ನು ಕುಗ್ಗಿಸಿತೆಂದು ಜನಾರ್ದನ್, ನ್ಯೂಟನ್, ಹ್ಯಾನ್ಸೆನ್ ಈ ಮೂವರು 1982ರಲ್ಲಿ ವಿವರಿಸಿದರು. ಎಸ್ಕೊಲಾರವರು ತುಲನೆಗೆ ತೆಗೆದುಕೊಂಡ ಅಭ್ರಕ, ಆಂಥೊಫಿಲೈಟುಗಳೂ ಸಜಲ. ಅವುಗಳ ಪ್ರತಿಯಾದ ಫೆಲ್ಡ್‌ಸ್ಪಾರ್, ಹೈಪರ್‌ಸ್ತೀನುಗಳು ನಿರ್ಜಲ. ಅವರ ನಿರ್ಣಯವು ಇದರಿಂದ ಸುಳ್ಳಾಗುವುದಿಲ್ಲ. ಆದರೆ ಜಲಸ್ಥಿತಿಯನ್ನು ಬೇರೆಯಾಗಿ ಸಾಧಿಸಿದಲ್ಲದೆ ಆ ಹೇತುವೊಂದೇ ಸಾಲದೆಂದು ಸಿದ್ಧವಾಗುತ್ತದೆ.

ನೀರನ್ನೂ ದ್ರವ್ಯಸಂಯೋಜನೆಯಲ್ಲಿಯೇ ಎಣಿಸಿದರೆ ಸಿದ್ಧಾಂತಕ್ಕೆ ಬಾಧೆಯಿಲ್ಲವಷ್ಟೆ ಎಂದು ಕೆಲವರು ಸಮಾಧಾನ ಹೇಳಬಹುದು. ಅದು ಯುಕ್ತವೇ. ಆದರೆ ಅಂದು ಕಲ್ಲಿನಲ್ಲಿ ಸಂಚರಿಸಿದ ದ್ರವದ ಬಹುಭಾಗ ಇಂದು ಅದರಲ್ಲಿಲ್ಲ. ಹೊರಟುಹೋದುದನ್ನು ಉಳಿದುದರಿಂದಲೇ ಊಹಿಸಬೇಕಾಗಿದೆ. ಹೀಗಿರುವಲ್ಲಿ ಖನಿಜವನ್ನು ಶಾಸನವೆನ್ನುವುದಕ್ಕಿಂತ ಸಾಕ್ಷಿಯೆನ್ನುವುದು ಉಚಿತ. ಶಾಸನವು ತನ್ನ ಮಿತಿಯನ್ನು ತಾನೇ ಹೇಳಿಕೊಳ್ಳುತ್ತದೆ. ಸಾಕ್ಷಿಯನ್ನು ಮತ್ತೊಬ್ಬ ಸಾಕ್ಷಿಯೊಡನೆ ಕೂಡಿಸಿ ಪ್ರಶ್ನಿಸಬೇಕು. ಗೋಲ್ಡ್‌ಶ್ಮಿಟ್ಟರೂ ಎಸ್ಕೊಲಾರವರೂ ಆ ಪ್ರಶ್ನಕ್ರಮವನ್ನು ಕಲಿಸಿದರು. ಯಾವ ಪ್ರಶ್ನೆ ಇನ್ನೂ ಉಳಿದಿದೆಯೆಂಬುದನ್ನು ಕಬ್ಬಾಳದುರ್ಗವು ತಿಳಿಸುತ್ತದೆ.