ರೀಲ್ ಇಲ್ಲದ ಗಾಳ

ಜಪಾನಿನ ಬೆಟ್ಟದ ತೊರೆಗಳಲ್ಲಿ ‘ತೆಂಕಾರಾ’ ಎಂಬ ಮೀನುಗಾರಿಕೆಯಿದೆ. ಅಷ್ಟು ಅಚ್ಚುಕಟ್ಟಾದ ಇನ್ನೊಂದು ಕಸುಬನ್ನು ನಾನು ಕಾಣೆ. ಮೂರೂವರೆ ಮೀಟರ್ ಆಸುಪಾಸಿನ ಗಳ, ತುದಿಗೆ ಕಟ್ಟಿದ ದಾರ, ಒಂದು ಕೃತಕ ನೊಣ. ರೀಲ್ ಇಲ್ಲವೇ ಇಲ್ಲ. ಹಿಂದೆ ಗಳ ಬಿದಿರಿನದು, ದಾರ ಕುದುರೆಗೂದಲು ಹೊಸೆದದ್ದು. ಹಿಡಿದ ಮೀನನ್ನು ಬೆಟ್ಟದ ವಸತಿಗೃಹಗಳಿಗೆ ಮಾರಿ ಬದುಕುತ್ತಿದ್ದವರು ಬೆಳೆಸಿದ ವಿದ್ಯೆಯಿದು.

ಆ ನೊಣವನ್ನು ಹತ್ತಿರದಿಂದ ನೋಡಬೇಕು. ಕೊಕ್ಕೆಗೆ ನೂಲು ಸುತ್ತಿ, ಹಕ್ಕಿಯ ಪುಕ್ಕವನ್ನು ಮುಂದಕ್ಕೆ ಬಾಗುವಂತೆ ಕಟ್ಟಿರುತ್ತಾರೆ. ಗಳದ ತುದಿಯನ್ನು ತುಸು ಮಿಡಿದರೆ ಸಾಕು, ನೀರೊಳಗೆ ಪುಕ್ಕದ ಎಳೆಗಳು ಅರಳಿ ಮುದುಡುತ್ತವೆ. ಅದು ಯಾವ ಹುಳುವಿನ ನಕಲೂ ಅಲ್ಲ; ಆದರೂ ಅದಕ್ಕೆ ಜೀವ ಬಂದುಬಿಡುತ್ತದೆ! ದಾರವನ್ನು ನೀರಿಗೆ ತಾಗಿಸದೆ ಎತ್ತಿ ಹಿಡಿಯುವುದರಿಂದ, ಬಂಡೆಯ ಹಿಂದಿನ ಬೊಗಸೆಯಷ್ಟು ನಿಂತ ನೀರಲ್ಲೂ ನೊಣ ನಿಲ್ಲುತ್ತದೆ. ಕೈಚಳಕವೆಂದರೆ ಇದು.

ಸಿಗುವುದು ಮೈಬದಿಯಲ್ಲಿ ಕಪ್ಪು ಮಚ್ಚೆಗಳ ಯಮಾಮೆ. ಇನ್ನೂ ಮೇಲೆ, ತೊರೆ ಹುಟ್ಟುವ ಕಡೆ, ಬಿಳಿಚುಕ್ಕೆಯ ಇವಾನಾ. ಇದು ಚಾರ್ ಎಂಬ ಮೀನುಗಳ ಕುಲದ್ದು. ಎರಡೂ ಶರತ್ಕಾಲದಲ್ಲಿ ಮೊಟ್ಟೆಯಿಡುತ್ತವೆ, ಆಗ ಗಾಳಕ್ಕೆ ಬಿಡುವು. ಹೂಳು ತಡೆಯಲು ಅಡ್ಡ ಕಟ್ಟಿದ ಗೋಡೆಗಳು ಮಾತ್ರ ಇವಾನಾಗಳನ್ನು ಚಿಕ್ಕ ಚಿಕ್ಕ ಗುಂಪುಗಳಾಗಿ ಒಡೆದಿವೆ. ಕೆಳಗಿನ ಮೀನು ಮತ್ತೆ ಮೇಲೇರಲಾರದು.