ಕುರುಬ ಏನನ್ನು ನೋಡುತ್ತಿದ್ದಾನೆ?

ಎಂ.ಎ. ಓದುವಾಗ ಆಡನ್‌ನ ‘ಮ್ಯೂಸೆ ದೆ ಬೋಜಾರ್’ ಕವಿತೆಯ ಮೇಲೊಂದು ಪ್ರಬಂಧ ಬರೆದಿದ್ದೆ. 1938ರಲ್ಲಿ ಬರೆದ ಆ ಕವಿತೆಯ ಕೊನೆಯಲ್ಲಿ ಬ್ರೂಗೆಲ್‌ನ ಇಕಾರಸ್ ಚಿತ್ರ ಬರುತ್ತದೆ. ಮೇಣದ ರೆಕ್ಕೆ ಕರಗಿ ಹುಡುಗ ಕಡಲಿಗೆ ಬೀಳುತ್ತಾನೆ. ಉಳುವವ ಉಳುತ್ತಲೇ ಇರುತ್ತಾನೆ, ಹಡಗು ಸಾಗುತ್ತಲೇ ಇರುತ್ತದೆ. ಪರರ ಸಂಕಟಕ್ಕೆ ಲೋಕ ಉದಾಸೀನ ಎಂದು ನಾನೂ ಧೈರ್ಯವಾಗಿ ಬರೆದೆ.

ಈಗ ನನ್ನ ಸಂಶೋಧನೆ ಹಸ್ತಪ್ರತಿಗಳ ಪಾಠಾಂತರಗಳ ಕುರಿತದ್ದು. ಹಾಗಾಗಿ ಆ ಚಿತ್ರಕ್ಕೂ ಪಾಠಾಂತರವಿದೆ ಎಂದು ತಿಳಿದಾಗ ಸುಮ್ಮನಿರಲಾಗಲಿಲ್ಲ. ಬ್ರೂಗೆಲ್‌ನ ಮೂಲಚಿತ್ರ ಕಳೆದುಹೋಗಿದೆ, ಉಳಿದಿರುವ ಎರಡೂ ಪ್ರತಿಗಳು ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಎರಡೂ ಬ್ರಸೆಲ್ಸ್‌ನಲ್ಲೇ ಇವೆ. ಪ್ರಸಿದ್ಧವಾದದ್ದು 1912ರಲ್ಲಿ ರಾಯಲ್ ಮ್ಯೂಸಿಯಂ ಕೊಂಡದ್ದು, ಕ್ಯಾನ್ವಾಸಿನ ಮೇಲಿನದು. ಇನ್ನೊಂದು ಹಲಗೆಯ ಮೇಲಿನದು, ತುಸು ಚಿಕ್ಕದು. ವಾನ್ ಬ್ಯೂರೆನ್ ಮ್ಯೂಸಿಯಂನಲ್ಲಿದೆ.

ಎರಡರಲ್ಲೂ ಕುರುಬನೊಬ್ಬ ಕೋಲಿಗೆ ಒರಗಿ ಆಕಾಶ ನೋಡುತ್ತಿದ್ದಾನೆ. ಮೊದಲನೆಯದರಲ್ಲಿ ಅವನು ನೋಡುವ ಕಡೆ ಏನೂ ಇಲ್ಲ. ಎರಡನೆಯದರಲ್ಲಿ ಇಕಾರಸ್‌ನ ತಂದೆ ಡೇಡಲಸ್ ಇನ್ನೂ ಹಾರುತ್ತಿದ್ದಾನೆ.

ಯಾವುದು ಮೂಲಕ್ಕೆ ಹತ್ತಿರ? ಗ್ರಂಥಸಂಪಾದನೆಯಲ್ಲಿ ಒಂದು ಸೂತ್ರವಿದೆ: ಲಿಪಿಕಾರ ಕ್ಲಿಷ್ಟವಾದದ್ದನ್ನು ಸರಳಗೊಳಿಸುತ್ತಾನೆ, ಆದ್ದರಿಂದ ಕ್ಲಿಷ್ಟಪಾಠಕ್ಕೇ ಮನ್ನಣೆ. ಆ ಲೆಕ್ಕದಲ್ಲಿ ಖಾಲಿ ಆಕಾಶ ಗೆಲ್ಲಬೇಕು. ಆದರೆ ಕ್ಲಿಷ್ಟತೆ ಬೇರೆ, ಲೋಪ ಬೇರೆ. ಓವಿಡ್‌ನ ಕಾವ್ಯದಲ್ಲಿ ಗಾಳ ಹಾಕುವವ, ಕುರುಬ, ಉಳುವವ ಮೂವರೂ ಹಾರುವವರನ್ನು ಕಂಡು ದೇವರೆಂದು ಬೆರಗಾಗುತ್ತಾರೆ. ಬ್ರೂಗೆಲ್ ಇಬ್ಬರ ತಲೆ ತಗ್ಗಿಸಿ, ಒಬ್ಬನದನ್ನು ಮಾತ್ರ ಎತ್ತಿಯೇ ಉಳಿಸಿದ. ಆ ನೋಟಕ್ಕೆ ಗುರಿಯೊಂದು ಇದ್ದಿರಲೇಬೇಕು. ಡೇಡಲಸ್ ಮೂಲದಲ್ಲಿದ್ದ, ಒಂದು ಪ್ರತಿಯಲ್ಲಿ ಬಿಟ್ಟುಹೋದ ಎಂಬುದೇ ನನಗೆ ಒಪ್ಪಿಗೆಯಾಗುವ ವಿವರಣೆ.

ಹಾಗಾದರೆ ಚಿತ್ರದ ಅರ್ಥವೂ ಬದಲಾಗುತ್ತದೆ. ಕುರುಬ ಉದಾಸೀನನಲ್ಲ. ಅವನು ಬೆರಗಿನಿಂದಲೇ ನೋಡುತ್ತಿದ್ದಾನೆ, ಆದರೆ ಹಾರುತ್ತಿರುವವನನ್ನು. ಬಿದ್ದವನು ಅವನ ಬೆನ್ನ ಹಿಂದಿದ್ದಾನೆ. ಗೆದ್ದವರ ಮೇಲೆ ಕಣ್ಣು ನೆಟ್ಟಾಗ ಮುಳುಗುವವರು ಕಾಣದೆ ಹೋಗುವುದು ಉದಾಸೀನಕ್ಕಿಂತ ನಮಗೆ ಹೆಚ್ಚು ಪರಿಚಿತವಾದ ತಪ್ಪು.

ಆಡನ್‌ನ ಕವಿತೆಯಲ್ಲಿ ಉಳುವವನಿದ್ದಾನೆ, ಹಡಗಿದೆ, ಕುರುಬನಿಲ್ಲ. ಇದರಿಂದ ಕವಿತೆ ಸಣ್ಣದಾಗುವುದಿಲ್ಲ. ತನಗೆ ಬೇಕಾದ್ದನ್ನು ಆರಿಸಿಕೊಳ್ಳುವ ಹಕ್ಕು ಕವಿಗಿದೆ. ವಿಮರ್ಶಕನಿಗೆ ಆ ಹಕ್ಕಿಲ್ಲ. ಮೊನ್ನೆ ಹಳೆಯ ಪ್ರಬಂಧ ತೆಗೆದು ನೋಡಿದೆ. ನಾಲ್ಕು ಪುಟಗಳಲ್ಲಿ ಎಲ್ಲಿಯೂ ನಾನು ಕುರುಬನನ್ನು ಹೆಸರಿಸಿರಲಿಲ್ಲ.